ತಲೆಯ ಮೇಲಿನ ಒಲೆ

ಕಳೆದ ಏಪ್ರಿಲ್ ತಿಂಗಳ ಮಾತು. ಶಿವಮೊಗ್ಗೆಯ ವಿನೋಬನಗರದ ಕಡೆ ಇರುವ ನಮ್ಮ ಕಟ್ಟಡದ ಮಾಲೀಕರ ಸಂಘ, ಕೆಳಗೆ ವಾಹನ ನಿಲ್ಲಿಸುವ ಜಾಗದಲ್ಲಿ ಸಭೆ ಸೇರಿತ್ತು. ಮೂರು ಅಂತಸ್ತು, ಹನ್ನೆರಡು ಮನೆ, ಇಪ್ಪತ್ತೈದು ವರ್ಷ ಕಂಡ ಕಟ್ಟಡ. ಸಂಘದ ನಿಧಿಯಲ್ಲಿ ಒಂದಿಷ್ಟು ದುಡ್ಡು ಕೂಡಿತ್ತು. ಅದನ್ನು ಏನು ಮಾಡಬೇಕೆಂಬುದು ಅಂದಿನ ವಿಷಯ. ಮುಂಭಾಗಕ್ಕೆ ಬಣ್ಣ ಬಳಿಸಿ, ಗೇಟಿನ ಮೇಲೆ ಕಟ್ಟಡದ ಹೆಸರು ಹೊತ್ತ ಕಮಾನು ನಿಲ್ಲಿಸಬೇಕೆಂದು ಕಾರ್ಯದರ್ಶಿಗಳು ಸೂಚಿಸಿದರು. ಮೇಲಿನ ಅಂತಸ್ತಿನ ನಿವೃತ್ತ ಮೇಷ್ಟ್ರೊಬ್ಬರು ಎದ್ದು, “ಕಮಾನು ಬರುವ ವರ್ಷ ಆಗಲಿ. ಈ ಸಲ ತಾರಸಿ ರಿಪೇರಿ ಮಾಡಿಸೋಣ. ಬಿರುಕು ಮುಚ್ಚಿ ಬಿಳಿಯದೇನಾದರೂ ಬಳಿಸಿದರೂ ಸಾಕು. ರಾತ್ರಿ ನಿದ್ದೆಯೇ ಹತ್ತುವುದಿಲ್ಲ” ಎಂದರು. “ತಾರಸಿ ಇರೋದು ನಿಮ್ಮ ಮನೆ ಮೇಲಲ್ಲವೇ ಮೇಷ್ಟ್ರೇ? ನಮ್ಮ ಮನೆ ಮೇಲೆ ಅಲ್ಲವಲ್ಲ!” ಎಂದರು ಮೊದಲ ಅಂತಸ್ತಿನ ಮಹನೀಯರೊಬ್ಬರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಕಮಾನಿನ ಪರವಾಗಿ ಎದ್ದ ಕೈಗಳಲ್ಲಿ ನನ್ನದೂ ಒಂದಿತ್ತು.

ಆ ಕೈಯೆತ್ತಿದ ತಪ್ಪಿಗೆ ಪ್ರಾಯಶ್ಚಿತ್ತವಾಗಿ ಈ ನಾಲ್ಕು ಮಾತು ಬರೆಯುತ್ತಿದ್ದೇನೆ. ಇದು ನಮ್ಮ ಒಂದು ಕಟ್ಟಡದ ಕಥೆಯಾಗಿದ್ದರೆ ಪತ್ರಿಕೆಯ ಜಾಗವನ್ನು ಕೇಳುತ್ತಿರಲಿಲ್ಲ. ದುರ್ಗಿಗುಡಿಯಲ್ಲಿ, ರವೀಂದ್ರನಗರದಲ್ಲಿ, ಗೋಪಾಳದಲ್ಲಿ, ಅತ್ತ ಭದ್ರಾವತಿಯ ಜನ್ನಾಪುರದಲ್ಲಿ, ಹೊಸಮನೆಯಲ್ಲಿ, ಒಬ್ಬರ ತಲೆಯ ಮೇಲೆ ಇನ್ನೊಬ್ಬರು ಬದುಕುವ ಹಳೆಯ ಕಟ್ಟಡಗಳು ಎಷ್ಟೋ ಇವೆ. ಕೆಲವು ಹಲವರು ಕೊಂಡ ಫ್ಲ್ಯಾಟುಗಳು. ಹೆಚ್ಚಿನವು ಒಬ್ಬನೇ ಮಾಲೀಕ ಕೆಳಗೆ ತಾನಿದ್ದು ಮೇಲೆ ಎರಡಂತಸ್ತು ಬಾಡಿಗೆಗೆ ಕೊಟ್ಟಿರುವ ವಠಾರದ ಮನೆಗಳು. ಕಟ್ಟಿದ ದಿನ ಇವಕ್ಕೆ ಗೃಹಪ್ರವೇಶವಾಯಿತು. ಆಮೇಲೆ ದೀಪಾವಳಿಗೊಮ್ಮೆ ಬಣ್ಣ ಕಂಡವೇ ಹೊರತು, ತಲೆಯ ಮೇಲಿನ ತಾರಸಿಯನ್ನು ಹತ್ತಿ ನೋಡಿದವರು ಒಣಗಲು ಹಪ್ಪಳ ಹಾಕಿದ ಗೃಹಿಣಿಯರು ಮಾತ್ರ.

ಆ ಹಪ್ಪಳ ಒಂದೇ ಬಿಸಿಲಿಗೆ ಒಣಗುತ್ತದೆ ಎಂಬುದರಲ್ಲೇ ನಮ್ಮ ಪಾಠವಿದೆ. ಏಪ್ರಿಲಿನಲ್ಲಿ ನಮ್ಮೂರ ಗಾಳಿ 37, 38 ಡಿಗ್ರಿ ಇದ್ದಾಗ, ಪಾಚಿಗಟ್ಟಿ ಕಪ್ಪಾದ ಕಾಂಕ್ರೀಟಿನ ಮೈ 60 ಡಿಗ್ರಿಯ ಸುತ್ತ ಕಾಯುತ್ತದೆ. ನಾಲ್ಕೈದು ಅಂಗುಲ ದಪ್ಪದ ಕಾಂಕ್ರೀಟು ಹಗಲೆಲ್ಲ ಆ ಬಿಸಿಯನ್ನು ಕುಡಿದು, ನಿಧಾನವಾಗಿ ಕೆಳಕ್ಕೆ ಇಳಿಸಿ, ಸೂರ್ಯ ಮುಳುಗಿದ ಮೇಲೆ ಕೋಣೆಯೊಳಕ್ಕೆ ಕಾರತೊಡಗುತ್ತದೆ. ಹೊರಗೆ ತುಂಗೆಯ ಕಡೆಯಿಂದ ತಂಪು ಗಾಳಿ ಬೀಸುವ ಹೊತ್ತಿಗೆ ಒಳಗೆ ಒಲೆ ಹೊತ್ತಿರುತ್ತದೆ. ಫ್ಯಾನು ತಿರುಗಿಸಿದರೆ ಅದು ಸೂರಿನ ಬಿಸಿಯನ್ನೇ ಬಾಚಿ ಮುಖಕ್ಕೆ ಎರಚುತ್ತದೆ. ಆಗ ಮನೆಯವರು ಸಾಲ ಮಾಡಿಯಾದರೂ ಎ.ಸಿ. ತರುತ್ತಾರೆ. ಅದು ಒಳಗಿನ ಬಿಸಿಯನ್ನು ಎತ್ತಿ, ತನ್ನ ಬಿಸಿಯನ್ನೂ ಸೇರಿಸಿ, ಪಕ್ಕದವರ ಕಿಟಕಿಯ ಕಡೆಗೆ ಊದುತ್ತದೆ. ಪಕ್ಕದವರೂ ಎ.ಸಿ. ತರುತ್ತಾರೆ. ಹೀಗೆ ಬಿಸಿಲನ್ನು ಸೂರಿನ ಹೊರಗೇ ತಡೆಯಬೇಕಾದ ಕೆಲಸವನ್ನು ಬಿಟ್ಟು, ಒಳಗೆ ಬಿಟ್ಟುಕೊಂಡ ಬಿಸಿಲನ್ನು ಕರೆಂಟು ಖರ್ಚುಮಾಡಿ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ದೂಡುವುದನ್ನು ನಾವು ಸೌಕರ್ಯವೆಂದು ಕರೆಯುತ್ತೇವೆ.

ನಮ್ಮ ಹಿರಿಯರಿಗೆ ಈ ಸಂಗತಿ ಗೊತ್ತಿತ್ತು. ಹೆಂಚಿನ ಮಾಡು, ಅದರ ಕೆಳಗೊಂದು ಅಟ್ಟ; ಹೆಂಚಿನ ಸಂದಿನಿಂದ ಕಾದ ಗಾಳಿ ತಾನಾಗಿ ಹೊರಟುಹೋಗುತ್ತಿತ್ತು. ಹಾಗೆಂದು ಹಳೆಯ ಮನೆಗಳೆಲ್ಲ ಸ್ವರ್ಗವಾಗಿದ್ದವೆಂದು ನಾನು ಹೇಳಲಾರೆ. ಅಲ್ಲಿ ಕತ್ತಲೆಯಿತ್ತು, ಹೊಗೆಯಿತ್ತು, ಮಳೆಗಾಲದಲ್ಲಿ ನಡುಮನೆಯ ತುಂಬ ಪಾತ್ರೆಗಳನ್ನು ಹರಡಬೇಕಾಗಿತ್ತು. ಆದರೆ ಆ ಮನೆಗಳಲ್ಲಿ ಒಂದು ಶಿಸ್ತು ಇತ್ತು. ಮುಂಗಾರಿಗೆ ಮೊದಲು ಆಳು ಕರೆದು ಹೆಂಚು ಕೈಯಾಡಿಸದೆ ಇದ್ದರೆ ಮನೆ ಉಳಿಯುತ್ತಿರಲಿಲ್ಲ. ವರ್ಷಕ್ಕೊಮ್ಮೆ ಸೂರಿನ ಕಡೆ ತಲೆಯೆತ್ತಿ ನೋಡಲೇಬೇಕಾಗಿತ್ತು. ಕಾಂಕ್ರೀಟು ಬಂದಾಗ ಈ ಕಾಟ ತಪ್ಪಿತೆಂದು ನಾವು ಹಿಗ್ಗಿದೆವು. ಅದು ಶಾಶ್ವತವೆಂದು ಯಾರೋ ಹೇಳಿದರು, ನಾವು ನಂಬಿದೆವು. ಸುಣ್ಣ ಮತ್ತು ಇಟ್ಟಿಗೆಚೂರಿನ ಗಾರೆ ಹಾಕಿ ತಾರಸಿಗೆ ಇಳಿಜಾರು ಕೊಡುವ ಹಳೆಯ ಮೇಸ್ತ್ರಿಗಳ ಪದ್ಧತಿಯನ್ನು, ಖರ್ಚು ಉಳಿಸುವ ಆತುರದಲ್ಲಿ ಕೈಬಿಟ್ಟೆವು. ಆ ಗಾರೆ ನೀರನ್ನೂ ತಡೆಯುತ್ತಿತ್ತು, ಬಿಸಿಲನ್ನೂ ತಡೆಯುತ್ತಿತ್ತು. ಈಗ ನೀರು ಸೋರಿದರೆ ಮೇಲೊಂದು ತಗಡಿನ ಚಪ್ಪರ ಹಾಕುತ್ತೇವೆ. ಅದರಿಂದ ನೆರಳೂ ಸಿಗುತ್ತದೆ, ನಿಜ. ಆದರೆ ಕೆಳಗಿನ ಬಿರುಕಿಗೆ ಮದ್ದಾಗುವುದಿಲ್ಲ. ಕಂಬಿ ತುಕ್ಕು ಹಿಡಿಯುವುದು ನಿಲ್ಲುವುದಿಲ್ಲ.

ಇನ್ನು ಆಕ್ಷೇಪಗಳಿಗೆ ಬರೋಣ. ಸಭೆಯ ನಂತರ ನಾಲ್ಕಾರು ಮಿತ್ರರೊಡನೆ ಈ ಮಾತೆತ್ತಿದಾಗ ನಾನು ಕೇಳಿದ ಉತ್ತರಗಳನ್ನೇ ಒಂದೊಂದಾಗಿ ತೆಗೆದುಕೊಳ್ಳುತ್ತೇನೆ.

ಮೊದಲನೆಯದು ಮೊದಲ ಅಂತಸ್ತಿನ ಮಹನೀಯರ ವಾದ: ತಾರಸಿ ಮೇಲಿನವರದು. ಕಾನೂನು ಹಾಗೆ ಹೇಳುವುದಿಲ್ಲ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆಯನ್ನು ತೆರೆದು ನೋಡಿದರೆ, ಅಡಿಪಾಯ, ಕಂಬ, ತೊಲೆ, ಮುಖ್ಯ ಗೋಡೆಗಳ ಸಾಲಿನಲ್ಲೇ ಛಾವಣಿಯೂ ಸರ್ವರ ಸಾಮಾನ್ಯ ಸ್ವತ್ತೆಂದು ಹೇಳಿದೆ. ಅಡಿಪಾಯ ಕುಸಿದರೆ ಅದು ಕೆಳಗಿನವರ ತಾಪತ್ರಯವೆಂದು ಮೇಷ್ಟ್ರು ಸುಮ್ಮನೆ ಕೂರಬಹುದೆ? ಘೋಷಣಾ ಪತ್ರ ನೋಂದಾಯಿಸದೆ ಆ ಕಾಯಿದೆಯಿಂದ ನುಣುಚಿಕೊಂಡ ಕಟ್ಟಡಗಳಿಗೂ ನ್ಯಾಯ ಇದೇ. ಒಂದೇ ಸೂರಿನ ಕೆಳಗೆ ಇದ್ದೇವೆ ಎಂದು ಮದುವೆ ಮುಂಜಿಗಳಲ್ಲಿ ಹೇಳಿಕೊಳ್ಳುವವರು, ಸೂರಿನ ಖರ್ಚು ಬಂದಾಗ ಬೇರೆ ಬೇರೆಯಾಗುವುದು ಸಲ್ಲದು.

ಎರಡನೆಯದು: “ಕರೆಂಟು ಪುಕ್ಕಟೆ ಸ್ವಾಮಿ, ಉಳಿಸಿ ಏನಾಗಬೇಕು?” 2023ರ ಗೃಹಜ್ಯೋತಿ ಯೋಜನೆ ಬಡ ಮತ್ತು ಮಧ್ಯಮ ವರ್ಗದ ಮನೆಗಳಿಗೆ ಉಪಕಾರ ಮಾಡಿದೆಯೆಂಬುದು ನಿರ್ವಿವಾದ. ಆದರೆ ಅದರ ಮಿತಿ ತಿಂಗಳಿಗೆ 200 ಯೂನಿಟ್. ಅದನ್ನು ದಾಟಿದರೆ ಇಡೀ ಬಿಲ್ಲು ನಿಮ್ಮದೇ. ಕಾದ ಸೂರಿನ ಕೆಳಗೆ ಒಂದೂವರೆ ಟನ್ನಿನ ಎ.ಸಿ. ರಾತ್ರಿಯಿಡೀ ಓಡಿದರೆ ದಿನಕ್ಕೆ ಆರೇಳು ಯೂನಿಟ್ಟಾದರೂ ಬೇಕು. ಮೂವತ್ತು ದಿನಕ್ಕೆ ಲೆಕ್ಕ ಹಾಕಿ ನೋಡಿ; ಪುಕ್ಕಟೆಯ ಕರೆಂಟು ಅಲ್ಲಿಗೇ ಮುಗಿಯಿತು. ಫ್ಯಾನಿನ ವಿಷಯವೂ ಹಾಗೆಯೆ. ಹಳೆಯ ಫ್ಯಾನು 75 ವ್ಯಾಟ್ ತಿನ್ನುತ್ತದೆ. ಹೊಸ ಬಗೆಯದಕ್ಕೆ 30 ಸಾಕು. ದಿನಕ್ಕೆ ಹನ್ನೆರಡು ಗಂಟೆಯಂತೆ ನಾಲ್ಕು ಫ್ಯಾನು ತಿರುಗುವ ಮನೆಯಲ್ಲಿ ತಿಂಗಳಿಗೆ ಅರವತ್ತು ಯೂನಿಟ್ಟಿನ ಮೇಲೆ ಉಳಿತಾಯ. ಸೂರು ತಂಪಾದರೆ ಅವು ಅಷ್ಟು ಹೊತ್ತು ತಿರುಗಬೇಕಾಗಿಯೂ ಇಲ್ಲ. ಪುಕ್ಕಟೆಯ ಮಿತಿಯೊಳಗೆ ಉಳಿಯಬೇಕೆನ್ನುವವನೇ ಮೊದಲು ತಾರಸಿ ಹತ್ತಬೇಕು.

ಮೂರನೆಯದು ಗುತ್ತಿಗೆದಾರರ ವಾದ, ಮತ್ತು ಬಹು ಮೋಹಕವಾದುದು: “ಹಳೆಯದಕ್ಕೆ ತೇಪೆ ಏಕೆ? ಕೆಡವಿ ಹೊಸದು ಕಟ್ಟೋಣ.” ಬುಡ ಕುಸಿದ ಕಟ್ಟಡವನ್ನು ಕೆಡವಬೇಕಾದ್ದೇ. ಆದರೆ ಇಪ್ಪತ್ತೈದು ವರ್ಷದ ಗಟ್ಟಿ ಕಟ್ಟಡವನ್ನು ಸೂರು ಕಾಯುತ್ತದೆಂಬ ಕಾರಣಕ್ಕೆ ಕೆಡವುವುದು ತಲೆನೋವಿಗೆ ತಲೆ ಕಡಿದಂತೆ. ಅದರ ಇಟ್ಟಿಗೆ ಸುಡಲು, ಕಬ್ಬಿಣ ಕರಗಿಸಲು, ಸಿಮೆಂಟು ಬೇಯಿಸಲು ವ್ಯಯವಾದ ಸೌದೆ, ಕಲ್ಲಿದ್ದಲು, ವಿದ್ಯುತ್ತು ಎಲ್ಲ ಆ ಗೋಡೆಗಳಲ್ಲಿ ಕೂತಿವೆ. ಕೆಡವಿದ ದಿನ ಅಷ್ಟೂ ಮಣ್ಣುಪಾಲು. ಮತ್ತೆ ಅಷ್ಟನ್ನೇ ಸುಡಬೇಕು, ಮತ್ತೆ ಹೊಳೆಯ ಮರಳು ಬಗೆಯಬೇಕು. ಎಪ್ಪತ್ತು ದಾಟಿದವರು ಎರಡು ಮೂರು ವರ್ಷ ಪೆಟ್ಟಿಗೆ ಹೊತ್ತು ಬಾಡಿಗೆ ಮನೆ ಹುಡುಕಬೇಕು. ಅಷ್ಟೆಲ್ಲ ಆಗಿ ಮೇಲೇಳುವ ಕಟ್ಟಡದ ತಲೆಯ ಮೇಲೆ ಮತ್ತೆ ಬೋಳು ಕಾಂಕ್ರೀಟನ್ನೇ ಎರೆದರೆ ಫಲವೇನು?

ನಾಲ್ಕನೆಯ ಮಾತು ಭದ್ರಾವತಿಯಲ್ಲಿ ಕೇಳಿದ್ದು. ಇದನ್ನು ಮಾತ್ರ ನಾನು ಹಗುರಾಗಿ ಎಣಿಸಲಾರೆ. 1918ರಲ್ಲಿ ಕೆಲಸ ಆರಂಭವಾಗಿ 1923ರಲ್ಲಿ ಕಬ್ಬಿಣ ಹರಿಸಿದ ಕಾರ್ಖಾನೆಯ ಊರು ಅದು. ವಿಶ್ವೇಶ್ವರಯ್ಯನವರ ಕನಸಿನ ಊರು. ಈ ಸೀಮೆಯ ಎಷ್ಟೋ ತಾರಸಿಗಳ ಕಂಬಿ ಅಲ್ಲಿಯದು. ಕಬ್ಬಿಣದ ಕಾರ್ಖಾನೆಯಲ್ಲಿ, ಕಾಗದದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು ನಿವೃತ್ತಿಯ ಹಣದಲ್ಲಿ ಒಂದು ಮನೆ ಕಟ್ಟಿ, ಮೇಲೆರಡು ಮನೆ ಬಾಡಿಗೆಗೆ ಕೊಟ್ಟರು. ಕಾಗದದ ಕಾರ್ಖಾನೆ 2015ರಲ್ಲಿ ನಿಂತುಹೋಯಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಆರಂಭದಲ್ಲಿ ಹೊರಬಿದ್ದು ಊರೇ ಬೀದಿಗಿಳಿಯಬೇಕಾಯಿತು. ಇಂಥ ಊರಿನ ಒಬ್ಬ ಮಾಲೀಕರು ನನಗೆಂದರು: “ಮೇಲಿನ ಮನೆಯ ಬಾಡಿಗೆ ನನ್ನ ಪಿಂಚಣಿ ಸ್ವಾಮಿ. ತಾರಸಿಗೆ ಖರ್ಚು ಮಾಡೋದು ನಾನು, ಬಿಲ್ಲು ಉಳಿಯೋದು ಬಾಡಿಗೆಯವರಿಗೆ. ನಾನೇಕೆ ಮಾಡಲಿ?” ಮೇಲಿನ ಬಾಡಿಗೆಯವರನ್ನು ಕೇಳಿದರೆ, “ನಾಳೆ ಖಾಲಿ ಮಾಡು ಅಂದರೆ ಹೋಗಬೇಕಾದ ಮನೆ. ನಾವೇಕೆ ದುಡ್ಡು ಹಾಕಲಿ?” ಎಂದರು. ಇಬ್ಬರ ಮಾತೂ ನ್ಯಾಯವೇ. ಎರಡು ನ್ಯಾಯಗಳ ನಡುವೆ ಸೂರು ಮಾತ್ರ ಕಾಯುತ್ತಲೇ ಇದೆ.

ಈ ಗಂಟು ನಮ್ಮಲ್ಲಿ ಮಾತ್ರ ಬಿದ್ದಿರುವುದಲ್ಲ. ಜರ್ಮನಿಯಲ್ಲಿ ಮಾಲೀಕನು ಮನೆಯನ್ನು ಸುಧಾರಿಸಿದರೆ ಅದರ ಖರ್ಚಿನಲ್ಲಿ ವರ್ಷಕ್ಕೆ ಶೇಕಡಾ 8ರಷ್ಟನ್ನು, ಒಂದು ಮಿತಿಯೊಳಗೆ, ಬಾಡಿಗೆಗೆ ಸೇರಿಸಲು ಕಾನೂನು ಅವಕಾಶ ಕೊಡುತ್ತದೆ. 2019ಕ್ಕೆ ಮೊದಲು ಅದು ಶೇಕಡಾ 11 ಇತ್ತು. ಬಾಡಿಗೆಯವರ ಮೇಲೆ ಭಾರ ಬೀಳುತ್ತದೆಂದು ಕೂಗೆದ್ದು ಇಳಿಯಿತು. ಅಲ್ಲಿಯ ಏರ್ಪಾಡು ದೋಷರಹಿತವೆಂದು ಹೇಳುತ್ತಿಲ್ಲ. ಅಲ್ಲಿ ಚಳಿಗೆ ಗೋಡೆಗಳನ್ನು ಹೊದಿಸುತ್ತಾರೆ. ಆ ದುಬಾರಿ ಕಂಬಳಿ ನಮಗೆ ಬೇಕಾಗಿಯೂ ಇಲ್ಲ. ನಮ್ಮ ಶತ್ರು ನೆತ್ತಿಯ ಬಿಸಿಲು. ಅದಕ್ಕೆ ಮದ್ದು ಅಗ್ಗ. ಆದರೆ ಖರ್ಚನ್ನೂ ಲಾಭವನ್ನೂ ಇಬ್ಬರಿಗೆ ಹಂಚುವ ಒಂದು ನಿಯಮ ಬೇಕೆಂಬುದನ್ನು ಅವರು ಒಪ್ಪಿದ್ದಾರೆ, ನಾವು ಇನ್ನೂ ಯೋಚಿಸಿಯೇ ಇಲ್ಲ. ಕಾನೂನಿಗೆ ಕಾಯಬೇಕಾಗಿಯೂ ಇಲ್ಲ. ಬಾಡಿಗೆ ಕರಾರು ಬರೆಯುವಾಗ, ತಾರಸಿಯ ಖರ್ಚಿನ ಇಂತಿಷ್ಟು ಪಾಲನ್ನು ತಿಂಗಳ ಬಾಡಿಗೆಗೆ ಸೇರಿಸತಕ್ಕದ್ದು, ಅದಕ್ಕೆ ಪ್ರತಿಯಾಗಿ ಇಷ್ಟು ವರ್ಷ ಮನೆ ಬಿಡಿಸತಕ್ಕದ್ದಲ್ಲ ಎಂದು ಎರಡು ಸಾಲು ಬರೆದುಕೊಂಡರೆ ಇಬ್ಬರ ನ್ಯಾಯವೂ ನಿಲ್ಲುತ್ತದೆ.

ಸರ್ಕಾರದವರನ್ನೂ ಬಿಡುವಂತಿಲ್ಲ. ಕೇಂದ್ರದ ಇಂಧನ ದಕ್ಷತಾ ಸಂಸ್ಥೆ 2018ರಲ್ಲಿ ಮನೆಗಳಿಗಾಗಿ ‘ಇಕೋ ನಿವಾಸ ಸಂಹಿತೆ’ಯನ್ನು ಹೊರಡಿಸಿತು. ಗೋಡೆ ಕಿಟಕಿಗಳ ಮೂಲಕ ಎಷ್ಟು ಬಿಸಿ ಒಳಬರಬಹುದೆಂದು ಲೆಕ್ಕ ಕಟ್ಟಿತು. ಒಳ್ಳೆಯದೇ. ಆದರೆ ಅದು ಮುಖ್ಯವಾಗಿ ನೋಡುವುದು 500 ಚದರ ಮೀಟರಿಗೆ ಕಡಮೆಯಿಲ್ಲದ ನಿವೇಶನದಲ್ಲಿ ಏಳುವ ಹೊಸ ಕಟ್ಟಡಗಳನ್ನು. ಈಗಾಗಲೇ ಎದ್ದು ನಿಂತು ಕಾಯುತ್ತಿರುವ ಹಳೆಯ ಮನೆಗಳ ಬಗ್ಗೆ ಯಾರಿಗೂ ಮಾತಿಲ್ಲ. ಶಿವಮೊಗ್ಗ 2016ರಲ್ಲಿ ‘ಸ್ಮಾರ್ಟ್’ ನಗರಗಳ ಪಟ್ಟಿಗೆ ಸೇರಿತು. ರಸ್ತೆ ಅಗೆದರು, ಪಾದಚಾರಿ ಮಾರ್ಗ ಮಾಡಿದರು, ಕನ್ಸರ್ವೆನ್ಸಿ ಓಣಿಗಳನ್ನು ಸಿಂಗರಿಸಿದರು, ತುಂಗೆಯ ದಂಡೆಯನ್ನು ತಿದ್ದಿದರು. ಆ ಯೋಜನೆ 2025ರ ಮಾರ್ಚಿಗೆ ಮುಗಿಯಿತು. ಜನ ನಡೆಯುವ ಬೀದಿಯ ಮೇಲೆ ಕಣ್ಣಿಟ್ಟ ನಗರ, ಜನ ಮಲಗುವ ಕೋಣೆಯ ಮೇಲಿನ ಸೂರಿನ ಕಡೆ ನೋಡಲಿಲ್ಲ.

ನೆರೆಯ ತೆಲಂಗಾಣ 2023ರಲ್ಲಿ ಐದು ವರ್ಷದ ಒಂದು ತಂಪು ಛಾವಣಿ ನೀತಿಯನ್ನೇ ಮಾಡಿತು. ನಾವು ಅಷ್ಟು ದೂರ ಹೋಗಲಾರೆವಾದರೆ ಚಿಕ್ಕದೊಂದನ್ನು ಮಾಡಬಹುದು. ಏಪ್ರಿಲಿನಲ್ಲೇ ಕಂದಾಯ ಕಟ್ಟಿದವರಿಗೆ ಶೇಕಡಾ 5 ರಿಯಾಯಿತಿ ಕೊಡುವ ಪದ್ಧತಿ ನಮ್ಮ ನಗರಗಳಲ್ಲಿದೆ. ಹಳೆಯ ತಾರಸಿಗೆ ಗಾರೆ ಹಾಕಿಸಿ ಬಿಳಿ ಮಾಡಿದವರಿಗೂ ಅಂಥದೇ ಒಂದು ರಿಯಾಯಿತಿ ಕೊಡಲು ಶಿವಮೊಗ್ಗ ಮಹಾನಗರಪಾಲಿಕೆಗೂ ಭದ್ರಾವತಿ ನಗರಸಭೆಗೂ ಅಡ್ಡಿಯೇನು? ಎರಡು ಊರುಗಳಿಗೂ ಸೇರಿದ ಒಂದೇ ನಗರಾಭಿವೃದ್ಧಿ ಪ್ರಾಧಿಕಾರವಿದೆ. ಹೊಸ ಬಡಾವಣೆಗಳಿಗೆ ಗೆರೆ ಎಳೆಯುವ ಕೆಲಸದ ನಡುವೆ, ಹಳೆಯ ಮನೆಗಳ ಛಾವಣಿಗಳ ಒಂದು ಸಮೀಕ್ಷೆ ಮಾಡಿಸಲು ಅದಕ್ಕೆ ಬಿಡುವಾಗದೆ?

ಏನು ಮಾಡಬೇಕೆಂದು ಕೇಳುವವರಿಗೆ ಕ್ರಮವಾಗಿ ಹೇಳಿಬಿಡುತ್ತೇನೆ. ಮೊದಲು ತಾರಸಿಯ ಬಿರುಕುಗಳನ್ನು ಮುಚ್ಚಿಸಿ, ನೀರು ನಿಲ್ಲದಂತೆ ಇಳಿಜಾರು ಮಾಡಿಸಿ. ಕೈಲಾದವರು ಇಟ್ಟಿಗೆಚೂರಿನ ಗಾರೆಯ ಮೇಲೆ ಬಿಳಿಯ ಚೂರು ಟೈಲುಗಳನ್ನು ಕೂರಿಸಲಿ. ಆಗದವರು ಸುಣ್ಣವನ್ನೋ ಬಿಸಿಲು ಹಿಂದಿರುಗಿಸುವ ಬಿಳಿ ಬಣ್ಣವನ್ನೋ ಬಳಿಸಿ, ಮಾಸಿದಾಗ ಮತ್ತೆ ಬಳಿಸಲಿ. ಇಷ್ಟರಿಂದಲೇ ಕೆಳಗಿನ ಕೋಣೆ ಎರಡರಿಂದ ಐದು ಡಿಗ್ರಿಯವರೆಗೆ ತಂಪಾಗುವುದುಂಟು. ಆಮೇಲೆ ಪಡುವಣ ಗೋಡೆಗೆ ನೆರಳು: ಕಿಟಕಿಗೊಂದು ಸಜ್ಜಾ, ಒಂದು ಬಿದಿರಿನ ತಟ್ಟಿ, ಜಾಗವಿದ್ದರೆ ಒಂದು ಹೊಂಗೆ ಗಿಡ. ಆಮೇಲೆ ಫ್ಯಾನು, ದೀಪ, ನೀರೆತ್ತುವ ಪಂಪು. ಎಲ್ಲ ಆದ ಮೇಲೆ ಸೌರ ಫಲಕ. ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ ನಿವಾಸಿಗಳ ಸಂಘಗಳಿಗೂ ಸಾಮಾನ್ಯ ಬಳಕೆಯ ವಿದ್ಯುತ್ತಿಗಾಗಿ ಕಿಲೋವ್ಯಾಟಿಗೆ 18,000 ರೂಪಾಯಿ ಸಹಾಯಧನವನ್ನು ಗೊತ್ತುಮಾಡಿದ್ದಾರೆ. ಆದರೆ ಸೋರುವ ತಾರಸಿಯ ಮೇಲೆ ಮೊದಲೇ ಫಲಕ ಕೂರಿಸಿ, ನಾಳೆ ಬಿರುಕು ಮುಚ್ಚಲು ಅದನ್ನು ಕಳಚುವುದು ಒಡಕು ಕೊಡಕ್ಕೆ ಕಲಾಯಿ ಹಾಕಿಸಿದ ಹಾಗೆ.

ಇದೆಲ್ಲ ಸುಖದ ಮತ್ತು ದುಡ್ಡಿನ ಮಾತಾಯಿತು. ಇದಕ್ಕಿಂತ ದೊಡ್ಡದೊಂದು ಋಣ ನಮ್ಮ ಮೇಲಿದೆ.

ನಮ್ಮ ಜಿಲ್ಲೆಯ ದೀಪಗಳಿಗೆ ಒಂದು ಚರಿತ್ರೆಯುಂಟು. ಜೋಗದಲ್ಲಿ 1948ರಲ್ಲಿ ವಿದ್ಯುದಾಗಾರ ಆರಂಭವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಶರಾವತಿಯ ವಿದ್ಯುದಾಗಾರದ ಹತ್ತು ಯಂತ್ರಗಳಿಂದ 1,035 ಮೆಗಾವ್ಯಾಟ್ ಹುಟ್ಟಿ ನಾಡೆಲ್ಲ ಬೆಳಗಿತು. ಆ ಬೆಳಕಿಗಾಗಿ ಗದ್ದೆ, ತೋಟ, ದೇವರ ಗುಡಿ, ಹಿರಿಯರ ಸಮಾಧಿಗಳನ್ನು ನೀರಿಗೆ ಬಿಟ್ಟು ಲಾರಿ ಹತ್ತಿ ಬಂದವರು ನಮ್ಮ ಜಿಲ್ಲೆಯವರೇ. ಸಾಗರದ ನಾ. ಡಿಸೋಜ ತಮ್ಮ ಕಾದಂಬರಿಗಳಲ್ಲಿ ಈ ಮುಳುಗಡೆಯ ಬದುಕನ್ನೇ ಬರೆದರು. ಅರವತ್ತು ವರ್ಷವಾದರೂ ಆ ಕುಟುಂಬಗಳಲ್ಲಿ ಎಷ್ಟೋ ಜನ ತಾವು ಕೂತ ಭೂಮಿಯ ಹಕ್ಕುಪತ್ರಕ್ಕಾಗಿ ಶಿವಮೊಗ್ಗೆಯ ಕಚೇರಿಗಳ ಮೆಟ್ಟಿಲು ಹತ್ತಿದ್ದಾರೆ.

ಈಗ ಅದೇ ಕಣಿವೆಯಲ್ಲಿ, ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ, 2,000 ಮೆಗಾವ್ಯಾಟಿನ ಇನ್ನೊಂದು ಯೋಜನೆಯನ್ನು ಮುಂದಿಟ್ಟಿದ್ದಾರೆ. ವಿದ್ಯುತ್ತು ಮಿಕ್ಕ ಹೊತ್ತಿನಲ್ಲಿ ನೀರನ್ನು ಮೇಲಕ್ಕೆತ್ತಿ, ಬೇಡಿಕೆ ಏರಿದ ಹೊತ್ತಿನಲ್ಲಿ ಕೆಳಕ್ಕೆ ಬಿಡುವುದು ಅದರ ತಾತ್ಪರ್ಯ. ಇಳಿಯುವಾಗ ಬರುವುದಕ್ಕಿಂತ ಏರಿಸುವುದಕ್ಕೆ ಹೆಚ್ಚು ವಿದ್ಯುತ್ತು ಬೇಕು. ಆದರೂ ಏಕೆ ಎಂದರೆ, ಸಂಜೆ ಎಲ್ಲರೂ ಒಟ್ಟಿಗೆ ಗುಂಡಿ ಒತ್ತುವ ಹೊತ್ತಿಗೆ ಒದಗಿಸಬೇಕಲ್ಲ ಎನ್ನುತ್ತಾರೆ. ಸಿಂಗಳೀಕಗಳ ಕಾಡು ಹಾಳಾಗುತ್ತದೆಂದು ಜನ ವಿರೋಧಿಸುತ್ತಿದ್ದಾರೆ. ಆ ವಿರೋಧಕ್ಕೆ ನನ್ನ ಸಹಿಯೂ ಇದೆ. ಆದರೆ ಸಹಿ ಮಾಡಿ ಮನೆಗೆ ಬಂದು, ಕಾದ ಸೂರಿನ ಕೆಳಗೆ ಕೂತು, ಎಲ್ಲರಿಗಿಂತ ಮೊದಲು ಗುಂಡಿ ಒತ್ತುವವನೂ ನಾನೇ.

ಶಿವಮೊಗ್ಗ ಭದ್ರಾವತಿಗಳ ತಾರಸಿಗಳನ್ನೆಲ್ಲ ಬಿಳಿ ಮಾಡಿದರೆ ಆ ಯೋಜನೆ ತಾನಾಗಿ ನಿಂತುಬಿಡುತ್ತದೆಂಬ ಭ್ರಮೆ ನನಗಿಲ್ಲ. ನಾಡಿನ ಬೇಡಿಕೆ ನಮ್ಮೆರಡು ಊರುಗಳಿಗಿಂತ ಬಹಳ ದೊಡ್ಡದು. ಆದರೆ ಬೇರೆಯವರ ಕಾಡನ್ನು ಉಳಿಸಿ ಎಂದು ಕೂಗುವವನು ತನ್ನ ಸೂರನ್ನು ಒಮ್ಮೆಯಾದರೂ ನೋಡಿರಬೇಕು. ಮುಳುಗಿದವರ ಮುಂದೆ ನಿಂತು, ನಿಮ್ಮ ಬೆಳಕನ್ನು ನಾವು ದುಂದು ಮಾಡಲಿಲ್ಲ ಎಂದು ಹೇಳುವ ಮುಖ ನಮಗೆ ಬೇಡವೆ?

ಮೇಷ್ಟ್ರ ಕಥೆ ಹೇಳಿ ಮುಗಿಸುತ್ತೇನೆ. ಕಮಾನು ಎದ್ದಿತು, ಚೆನ್ನಾಗಿಯೇ ಇದೆ. ಮೇ ತಿಂಗಳ ಒಂದು ರಾತ್ರಿ ಯಾವುದೋ ಕಾಗದಕ್ಕೆ ಸಹಿ ಹಾಕಿಸಲು ಅವರ ಮನೆಗೆ ಹೋಗಿದ್ದೆ. ಹತ್ತು ಗಂಟೆಯಾಗಿತ್ತು. ಅವರೂ ಅವರ ಹೆಂಡತಿಯೂ ಒದ್ದೆ ಬಟ್ಟೆ ಹಾಸಿದ ನೆಲದ ಮೇಲೆ ಕೂತಿದ್ದರು. ಸೂರಿಗೆ ಕೈ ಎತ್ತಿದರೆ ಮುಟ್ಟದೆಯೇ ಬಿಸಿ ತಿಳಿಯುತ್ತಿತ್ತು. “ಕೂತುಕೊಳ್ಳಿ” ಎಂದರು. ನನಗೆ ಐದು ನಿಮಿಷ ಕೂರಲಾಗಲಿಲ್ಲ. ಮಳೆಗಾಲ ಕಳೆದ ಮೇಲೆ ಅವರು ಮನೆ ಮಾರಿ ಬೆಂಗಳೂರಿನ ಮಗನ ಬಳಿಗೆ ಹೋದರು. ಹೊರಡುವಾಗ ಯಾರನ್ನೂ ದೂರಲಿಲ್ಲ. ಕೊಂಡವರು ಬಂದ ವಾರವೇ ಎರಡು ಎ.ಸಿ. ಹಾಕಿಸಿದರು. ಅವುಗಳ ಯಂತ್ರ ನನ್ನ ಮಲಗುವ ಕೋಣೆಯ ಕಿಟಕಿಗೆ ಒಂದು ಮೊಳ ಮೇಲಿದೆ. ರಾತ್ರಿಯೆಲ್ಲ ಅದರ ಸದ್ದು, ಅದರ ಹನಿ, ಅದರ ಬಿಸಿ ನನ್ನ ಪಾಲು. ತಾರಸಿ ನಮ್ಮ ಮನೆಯ ಮೇಲಿಲ್ಲವೆಂದು ಅಂದು ನಕ್ಕಿದ್ದೆನಲ್ಲ!

ಬರುವ ಏಪ್ರಿಲಿನಲ್ಲಿ ಮತ್ತೆ ಸಭೆಯಿದೆ. ವಿಷಯಪಟ್ಟಿಯ ಮೊದಲ ಸಾಲಿನಲ್ಲಿ ತಾರಸಿಯ ಹೆಸರು ಇರಬೇಕೆಂದು ಕಾರ್ಯದರ್ಶಿಗಳಿಗೆ ಬರೆದುಕೊಟ್ಟಿದ್ದೇನೆ. ಈ ಲೇಖನ ಓದುವವರ ಕಟ್ಟಡಗಳಲ್ಲಿಯೂ ಸಭೆಗಳು ನಡೆಯುತ್ತವೆ. ಕೈಯೆತ್ತುವ ಮುನ್ನ ಒಂದು ಮಧ್ಯಾಹ್ನ, ಚಪ್ಪಲಿ ಬಿಟ್ಟು, ಬರಿಗಾಲಿನಲ್ಲಿ ನಿಮ್ಮ ತಾರಸಿಯನ್ನು ಒಮ್ಮೆ ಹತ್ತಿಬನ್ನಿ.